19ರ ಹುಡುಗನಿಗೆ ಇನ್ನೆಷ್ಟು ಪಂದ್ಯ ಕೊಡಬೇಕು? ಯುವ ಫುಟ್‌ಬಾಲ್ ಆಟಗಾರರ ಬಗ್ಗೆ ಚರ್ಚೆ

ಎಡಗಾಲು:

ಪ್ರತಿ ಪಂದ್ಯ ಮುಗಿದ ಮೇಲೂ ಅದೇ ಮಾತು ಕೇಳಿ ಕೇಳಿ ಬೇಜಾರಾಗಿದೆ. ಹತ್ತೊಂಬತ್ತರ ಹುಡುಗ ಎರಡು ಪಾಸ್ ತಪ್ಪಿದ, ಒಂದು ಒಳ್ಳೇ ಚಾನ್ಸ್ ಹಾಳು ಮಾಡಿದ ಅಂದ ಕೂಡಲೇ "ಇವನಿಂದ ಆಗಲ್ಲ, ಮಾರಿಬಿಡಿ" ಅಂತ ಶುರು. ಹಾಗನ್ನೋರು ಬ್ರೆಜಿಲ್‌ನ ವಿಂಗರ್ ವಿನೀಷಿಯಸ್ ಜೂನಿಯರ್‌ನ ಮೊದಲ ಮೂರು ವರ್ಷ ಒಂದ್ಸಲ ನೆನಪು ಮಾಡ್ಕೊಳ್ಳಿ.

ರಿಯಲ್ ಮ್ಯಾಡ್ರಿಡ್ ಅವನನ್ನ ಫ್ಲಮೆಂಗೊದಿಂದ ತಗೊಳ್ಳೋ ಒಪ್ಪಂದ ಮಾಡ್ಕೊಂಡಿದ್ದು 2017ರಲ್ಲಿ, ಅವನಿಗೆ 16 ಇದ್ದಾಗ, ಸುಮಾರು 45 ಮಿಲಿಯನ್ ಯೂರೊಗೆ. 18 ತುಂಬಿದ ಮೇಲೆ 2018ರಲ್ಲಿ ಬಂದ. ಲೀಗ್‌ನಲ್ಲಿ ಮೊದಲ ಸೀಸನ್ 2 ಗೋಲು, ಎರಡನೇದರಲ್ಲಿ 3, ಮೂರನೇದರಲ್ಲೂ 3. ಗೋಲ್‌ಕೀಪರ್ ಎದುರು ಒಬ್ಬನೇ ನಿಂತು ಚೆಂಡನ್ನ ಆಚೆ ಹೊಡೆದಿದ್ದನ್ನ ಇಡೀ ಜಗತ್ತು ವಿಡಿಯೋ ಮಾಡಿ ನಕ್ಕಿತು. 2020ರ ಅಕ್ಟೋಬರ್‌ನಲ್ಲಿ ಮೊಂಚೆನ್‌ಗ್ಲಾಡ್‌ಬಾಖ್ ವಿರುದ್ಧದ ಪಂದ್ಯದ ಹಾಫ್‌ಟೈಮ್‌ನಲ್ಲಿ ಬೆಂಜೆಮಾ ತನ್ನ ಜೊತೆ ಆಟಗಾರ ಮೆಂಡಿಗೆ "ಅವನಿಗೆ ಪಾಸ್ ಕೊಡಬೇಡ" ಅನ್ನೋ ಅರ್ಥದ ಮಾತು ಹೇಳಿದ್ದು ಕ್ಯಾಮೆರಾದಲ್ಲೇ ಸಿಕ್ಕಿಬಿತ್ತು. ಇಪ್ಪತ್ತರ ಹುಡುಗನಿಗೆ ಅದೆಷ್ಟು ಚುಚ್ಚಿರಬೇಕು. 2021-22ರಲ್ಲಿ ಅದೇ ಹುಡುಗ ಲೀಗ್‌ನಲ್ಲಿ 17 ಗೋಲು ಹೊಡೆದ, ಪ್ಯಾರಿಸ್‌ನಲ್ಲಿ ಲಿವರ್‌ಪೂಲ್ ವಿರುದ್ಧ ಚಾಂಪಿಯನ್ಸ್ ಲೀಗ್ ಫೈನಲ್‌ನ ಏಕೈಕ ಗೋಲೂ ಅವನದೇ. ಆ ಸೀಸನ್‌ನಲ್ಲಿ ಅವನೂ ಬೆಂಜೆಮಾನೂ ಒಬ್ಬರಿಗೊಬ್ಬರು ಪಾಸ್ ಕೊಡ್ತಾ ಆಡಿದ್ರು.

ಆ ಮೂರು ವರ್ಷದ ಪಂದ್ಯಗಳನ್ನ ಈಗ ಹಿಂದಿರುಗಿ ನೋಡಿದ್ರೆ ಒಂದು ವಿಷಯ ಕಣ್ಣಿಗೆ ಬೀಳುತ್ತೆ. ಚೆಂಡು ಸಿಕ್ಕಿದಾಗಲೆಲ್ಲ ಎದುರಿನ ಫುಲ್‌ಬ್ಯಾಕ್ (ಅಂಚು ಕಾಯೋ ಡಿಫೆಂಡರ್) ಹಿಂದೆ ಹಿಂದೆ ಸರೀತಿದ್ದ, ಒಬ್ಬನ ಬದಲು ಇಬ್ಬರು ಕಾಯೋಕೆ ಬರ್ತಿದ್ರು. ತಪ್ತಾ ಇದ್ದಿದ್ದು ಕೊನೇ ಸ್ಪರ್ಶ ಮಾತ್ರ. ಸ್ಕೋರ್ ಬೋರ್ಡ್ ಅದನ್ನ ತೋರಿಸಲ್ಲ, ನೋಡೋ ಕಣ್ಣು ಬೇಕು. ತಾಳ್ಮೆ ಅಂದ್ರೆ ಕಣ್ಮುಚ್ಚಿ ಕಾಯೋದು ಅಂತ ನಾನು ಹೇಳ್ತಿಲ್ಲ. ಏನು ಬೆಳೀತಾ ಇದೆ, ಏನು ಬೆಳೀತಿಲ್ಲ ಅಂತ ಗಮನಿಸ್ತಾ, ಅದಕ್ಕೆ ತಕ್ಕ ಹಾಗೆ ಆಡಿಸ್ತಾ ಕಾಯೋದು.

ಆಫ್‌ಸೈಡ್‌ಟ್ರ್ಯಾಪ್:

ಎಡಗಾಲು ಅವರೇ, ಉದಾಹರಣೆ ಚೆನ್ನಾಗಿದೆ, ಆದ್ರೆ ಅದು ಮ್ಯಾಡ್ರಿಡ್. ಹುಡುಗ ಎಡವಿದ್ರೆ ಎತ್ತಿ ನಿಲ್ಲಿಸೋಕೆ ಪಕ್ಕದಲ್ಲಿ ಮೊಡ್ರಿಚ್ ಇದ್ದ, ಕ್ರೂಸ್ ಇದ್ದ, ರಾಮೋಸ್ ಇದ್ದ. ಅವನು ಗೋಲು ಹೊಡೀದೇ ಇದ್ರೂ ತಂಡ 2020ರಲ್ಲಿ ಲೀಗ್ ಗೆದ್ದಿತು. ಕೆಳಗಿನ ಡಿವಿಷನ್‌ಗೆ ಜಾರೋ ಭಯದಲ್ಲಿರೋ ತಂಡದ ಕೋಚ್ ಸ್ಥಾನದಲ್ಲಿ ನಿಂತು ನೋಡಿ. ಮೂರು ಪಂದ್ಯ ಸೋತರೆ ಅವನ ಕೆಲಸ ಹೋಗುತ್ತೆ. ರೆಲಿಗೇಷನ್ ಆದ್ರೆ ಟಿವಿ ಹಣ ಹೋಗುತ್ತೆ, ಒಳ್ಳೇ ಆಟಗಾರರು ಬಿಟ್ಟು ಹೋಗ್ತಾರೆ, ಕಚೇರಿಯಲ್ಲಿ ಕೆಲಸ ಮಾಡೋರ ಸಂಬಳಕ್ಕೂ ಕುತ್ತು ಬರುತ್ತೆ. ಅಂಥ ಹೊತ್ತಲ್ಲಿ 32 ವಯಸ್ಸಿನ ಅನುಭವಿಯನ್ನ ಬಿಟ್ಟು 18ರವನನ್ನ ಇಳಿಸು ಅಂತ ಹೇಗೆ ಹೇಳ್ತೀರಿ? ಹುಡುಗರ ಮೇಲೆ ನನಗೂ ಪ್ರೀತಿ ಇದೆ. ಆದ್ರೆ ಆ ತಾಳ್ಮೆಯ ಬೆಲೆ ಕಟ್ಟೋರು ಯಾರು ಅನ್ನೋದನ್ನ ಮರೀಬೇಡಿ.

ಹಳೇಸ್ಟಾಪರ್:

ಆಫ್‌ಸೈಡ್‌ಟ್ರ್ಯಾಪ್ ಅವರ ಮಾತಿನಲ್ಲೇ ಉತ್ತರವೂ ಇದೆ ಅನ್ನಿಸುತ್ತೆ. ಪಕ್ಕದಲ್ಲಿ ಯಾರಿದ್ದಾರೆ ಅನ್ನೋದೇ ಮುಖ್ಯ.

1995ರ ಮ್ಯಾಂಚೆಸ್ಟರ್ ಯುನೈಟೆಡ್ ಬಗ್ಗೆ ಎಲ್ಲರೂ ಅರ್ಧ ಕಥೆ ಹೇಳ್ತಾರೆ. ಆ ಬೇಸಿಗೆಯಲ್ಲಿ ಮ್ಯಾನೇಜರ್ ಫರ್ಗುಸನ್ ಇನ್ಸ್, ಹ್ಯೂಸ್, ಕಾಂಚೆಲ್‌ಸ್ಕಿಸ್ ಮೂವರನ್ನೂ ಬಿಟ್ಟುಕೊಟ್ಟರು. ಆಗಸ್ಟ್‌ನಲ್ಲಿ ಸೀಸನ್‌ನ ಮೊದಲ ಪಂದ್ಯದಲ್ಲೇ ಆಸ್ಟನ್ ವಿಲ್ಲಾ ಎದುರು 3-1 ಸೋಲು. ಹುಡುಗರನ್ನ ಕಟ್ಟಿಕೊಂಡು ಏನೂ ಗೆಲ್ಲೋಕಾಗಲ್ಲ ಅಂತ ಟಿವಿಯಲ್ಲಿ ವಿಶ್ಲೇಷಕ ಆಲನ್ ಹ್ಯಾನ್ಸೆನ್ ಹೇಳಿದ್ದು ಆ ರಾತ್ರಿಯೇ. ಆ ಸೀಸನ್ ಮುಗಿಯೋ ಹೊತ್ತಿಗೆ ಅದೇ ತಂಡ ಲೀಗನ್ನೂ ಎಫ್‌ಎ ಕಪ್ಪನ್ನೂ ಗೆದ್ದಿತ್ತು. ಇಷ್ಟು ಎಲ್ಲರಿಗೂ ಗೊತ್ತು. ಮಿಕ್ಕ ಅರ್ಧ ಏನಂದ್ರೆ, ಬೆಕಮ್, ಸ್ಕೋಲ್ಸ್, ಬಟ್, ನೆವಿಲ್ ಸಹೋದರರ ಹಿಂದೆ ಷ್ಮೈಕೆಲ್ ನಿಂತಿದ್ದ. ಮುಂದೆ ಬ್ರೂಸ್, ಪ್ಯಾಲಿಸ್ಟರ್, ಇರ್ವಿನ್, ನಡುವೆ ಕೀನ್. ಅಕ್ಟೋಬರ್‌ನಲ್ಲಿ ನಿಷೇಧ ಮುಗಿಸಿ ಕಾಂಟೊನಾ ವಾಪಸ್ ಬಂದ. ಇನ್ನೊಂದು, ಆ ಹುಡುಗರು ಒಂದೇ ರಾತ್ರೀಲಿ ಬಂದವರಲ್ಲ. ಬೆಕಮ್, ಬಟ್, ಗ್ಯಾರಿ ನೆವಿಲ್ 1992ರಲ್ಲೇ ಯೂತ್ ಕಪ್ ಗೆದ್ದವರು. ಬೆಕಮ್‌ನನ್ನ 1995ರಲ್ಲಿ ಪ್ರೆಸ್ಟನ್‌ಗೆ ಲೋನ್ ಮೇಲೆ, ಅಂದ್ರೆ ಸ್ವಲ್ಪ ಕಾಲ ಆ ಕ್ಲಬ್‌ಗೆ ಆಡೋಕೆ ಕಳಿಸಿ, ಅಲ್ಲಿ ಗಟ್ಟಿಯಾಗಿ ಆಡಿಸಿ ಕರೆಸಿಕೊಂಡಿದ್ದರು. ಗಿಗ್ಸ್ ಹೊಸದಾಗಿ ಮಿಂಚಿದಾಗ ಸಂದರ್ಶನ ಕೊಡೋಕೆ ಫರ್ಗುಸನ್ ಬಿಡ್ತಾನೇ ಇರಲಿಲ್ಲ.

ಅದೇ 1995ರಲ್ಲಿ ಅಯಾಕ್ಸ್ ಯೂರೋಪ್ ಗೆದ್ದಿತು. ಮಿಲಾನ್ ವಿರುದ್ಧ ಗೆಲುವಿನ ಗೋಲು ಹೊಡೆದವನು 18 ವಯಸ್ಸಿನ ಕ್ಲೈವರ್ಟ್, ಬೆಂಚ್‌ನಿಂದ ಬಂದವನು. ಪಾಸ್ ಕೊಟ್ಟವನು 32 ವಯಸ್ಸಿನ ರೈಕಾರ್ಡ್. ನನಗೆ ಆ ಗೋಲಿಗಿಂತ ಆ ಪಾಸ್ ದೊಡ್ಡದು.

ಹಾಗಾಗಿ ಹುಡುಗನೋ ಅನುಭವಿಯೋ ಅನ್ನೋ ಪ್ರಶ್ನೆಯೇ ನನಗೆ ಸರಿ ಕಾಣಲ್ಲ. ನಾಲ್ಕು ಹುಡುಗರನ್ನ ಒಟ್ಟಿಗೆ ಬ್ಯಾಕ್‌ಲೈನ್‌ನಲ್ಲಿ ನಿಲ್ಲಿಸಿ ಸೋತು, "ನೋಡಿ, ಅವಕಾಶ ಕೊಟ್ವಿ, ಆಗ್ಲಿಲ್ಲ" ಅನ್ನೋ ಕ್ಲಬ್‌ಗಳೂ ಇವೆ. ಅದು ಹುಡುಗರ ತಲೆ ಮೇಲೆ ಭಾರ ಹೊರಿಸಿ ಕೈ ತೊಳಕೊಂಡ ಹಾಗೆ.

ಡ್ರಿಬಲ್‌ಪ್ರಿಯ:

ಯಮಾಲ್ ನೋಡಿ ಸರ್. 15ಕ್ಕೇ ಬಾರ್ಸಿಲೋನಾ ಮೊದಲ ತಂಡ, 16ಕ್ಕೆ 2024ರ ಯೂರೊ ಸೆಮಿಫೈನಲ್‌ನಲ್ಲಿ ಫ್ರಾನ್ಸ್ ವಿರುದ್ಧ ಆ ಗೋಲು, 17 ತುಂಬಿದ ಮರುದಿನ ಫೈನಲ್ ಗೆದ್ದ. ನಿಜವಾದ ಪ್ರತಿಭೆ ಕಾಯಲ್ಲ. ಕಾಯಬೇಕು ಅಂತಿದ್ರೆ ಅಷ್ಟು ಪ್ರತಿಭೆ ಇಲ್ಲ ಅಂತ ಅರ್ಥ ಅಲ್ವಾ?

ಮಂಡಿನೋವು:

ಡ್ರಿಬಲ್‌ಪ್ರಿಯ, ಈ ಪ್ರಶ್ನೆಗೆ ಸ್ವಲ್ಪ ಉದ್ದವಾಗಿಯೇ ಬರೀತೀನಿ, ಯಾಕಂದ್ರೆ ಇಲ್ಲಿ ಮನಸ್ಸಿನ ಜೊತೆ ದೇಹದ ಲೆಕ್ಕಾನೂ ಇದೆ.

ಅದೇ ಬಾರ್ಸಿಲೋನಾ, ಅದರ ಅದೇ ಅಕಾಡೆಮಿ ಲಾ ಮಾಸಿಯಾ. ಅನ್ಸು ಫಾತಿ 2019ರಲ್ಲಿ 16ಕ್ಕೆ ಮೊದಲ ತಂಡಕ್ಕೆ ಬಂದ, ಗೋಲಿನ ಮೇಲೆ ಗೋಲು. 2020ರ ನವೆಂಬರ್‌ನಲ್ಲಿ ಮಂಡಿಯೊಳಗಿನ ಮೆತ್ತೆ (ಮೆನಿಸ್ಕಸ್) ಹರಿದು, ಒಂದಲ್ಲ ಹಲವು ಆಪರೇಷನ್ ಆಯ್ತು. ಮೆಸ್ಸಿ ಬಿಟ್ಟು ಹೋದ ಮೇಲೆ 2021ರಲ್ಲಿ, ಇನ್ನೂ ಚೇತರಿಸ್ಕೊಳ್ತಿದ್ದ 18ರ ಹುಡುಗನ ಬೆನ್ನಿಗೆ ಮೆಸ್ಸಿಯ 10ನೇ ನಂಬರ್ ಹಾಕಿದ್ರು. ಆ ಹಳೇ ವೇಗ ಮತ್ತೆ ಕಾಣಲೇ ಇಲ್ಲ. ಪೆದ್ರಿ 2020-21ರ ಒಂದೇ ಸೀಸನ್‌ನಲ್ಲಿ ಕ್ಲಬ್, ಯೂರೊ, ಅದರ ಬೆನ್ನಲ್ಲೇ ಟೋಕಿಯೊ ಒಲಿಂಪಿಕ್ಸ್ ಎಲ್ಲ ಸೇರಿ 70ಕ್ಕೂ ಹೆಚ್ಚು ಪಂದ್ಯ ಆಡಿದ. ಆಮೇಲೆ ತೊಡೆಯ ಹಿಂಭಾಗದ ಸ್ನಾಯು (ಹ್ಯಾಮ್‌ಸ್ಟ್ರಿಂಗ್) ಪದೇ ಪದೇ ಕೈಕೊಟ್ಟಿತು. ಅವನು ಎದ್ದು ಬಂದ, ಅದೃಷ್ಟ ಮತ್ತು ಒಳ್ಳೇ ಆರೈಕೆ ಎರಡೂ ಇತ್ತು. ಜಾಕ್ ವಿಲ್‌ಷೇರ್‌ಗೆ ಅಷ್ಟು ಸಿಗಲಿಲ್ಲ. 2010-11ರಲ್ಲಿ ಅರ್ಸೆನಲ್‌ಗೆ 49 ಪಂದ್ಯ ಆಡಿದಾಗ ಅವನಿಗೆ 19. ಮುಂದಿನ ಇಡೀ ಸೀಸನ್ ಗಾಯದಲ್ಲೇ ಕಳೀತು. 30ಕ್ಕೆ ನಿವೃತ್ತಿ. ಮೈಕೆಲ್ ಓವನ್ 18ಕ್ಕೆ ವಿಶ್ವಕಪ್‌ನಲ್ಲಿ ಅರ್ಜೆಂಟೀನಾವನ್ನ ಸೀಳಿಕೊಂಡು ಹೋಗಿ ಗೋಲು ಹೊಡೆದ, ಮರು ವರ್ಷವೇ ಹ್ಯಾಮ್‌ಸ್ಟ್ರಿಂಗ್ ಹರೀತು. 2001ರಲ್ಲಿ ವರ್ಷದ ಶ್ರೇಷ್ಠ ಆಟಗಾರನಿಗೆ ಕೊಡೋ ಬ್ಯಾಲನ್ ಡಿ'ಓರ್ ಗೆದ್ದರೂ ಆ ಸ್ನಾಯು ಕೊನೇವರೆಗೂ ಬೆನ್ನು ಬಿಡಲಿಲ್ಲ.

ಇವರಲ್ಲಿ ಯಾರಿಗೆ ಪ್ರತಿಭೆ ಕಮ್ಮಿ ಇತ್ತು ಹೇಳಿ? ಹದಿನೇಳು ಹದಿನೆಂಟರ ದೇಹಕ್ಕೆ ತೊಂಬತ್ತು ನಿಮಿಷ ಓಡೋ ಶಕ್ತಿ ಇರುತ್ತೆ. ಮೂರು ದಿನಕ್ಕೊಂದು ಪಂದ್ಯ ಅಂತ ವರ್ಷವಿಡೀ ಹೊಡೆತ ತಾಳೋ ಶಕ್ತಿ ಬರೋಕೆ ಇನ್ನೂ ವರ್ಷಗಳು ಬೇಕು. ಹುಡುಗ "ನಂಗೇನೂ ಆಗಿಲ್ಲ, ಆಡ್ತೀನಿ" ಅಂತಾನೇ ಹೇಳೋದು. ಆ ವಯಸ್ಸಲ್ಲಿ ಯಾರೂ ಬೆಂಚ್ ಕೇಳಲ್ಲ. ಅವನ ಪರವಾಗಿ ಬೇಡ ಅನ್ನೋ ದೊಡ್ಡವರು ಕ್ಲಬ್‌ನಲ್ಲಿ ಒಬ್ಬರಾದ್ರೂ ಇರಬೇಕು.

ಇದಕ್ಕಿಂತ ಮುಂಚಿನ ಹಂತ ಇನ್ನೂ ಸೂಕ್ಷ್ಮ. ಹದಿಮೂರರಿಂದ ಹದಿನಾರರ ನಡುವೆ ಕೆಲವು ಹುಡುಗರು ಒಂದೇ ವರ್ಷದಲ್ಲಿ ಎತ್ತರ ಬೆಳೆದುಬಿಡ್ತಾರೆ. ಕಾಲು ಉದ್ದ ಆಗುತ್ತೆ, ಮೈಮೇಲಿನ ಹಿಡಿತ ಸ್ವಲ್ಪ ಕಾಲ ತಪ್ಪುತ್ತೆ. ನಿನ್ನೆವರೆಗೂ ಕಾಲಿಗೆ ಅಂಟಿಕೊಂಡಿದ್ದ ಚೆಂಡು ಇವತ್ತು ಎರಡಡಿ ಆಚೆ ಪುಟಿಯುತ್ತೆ. ಮಂಡಿ ಕೆಳಗಿನ ಮೂಳೆಯಲ್ಲಿ ನೋವು ಶುರುವಾಗುತ್ತೆ, ಓದಿದವರು ಆಸ್ಗುಡ್-ಶ್ಲಾಟರ್ ಅಂತಾರೆ. ಆಗ "ಇವನ ಆಟ ಕೆಟ್ಟಿತು" ಅಂತ ಬರೆದು ಕಳಿಸಿಬಿಡೋ ಅಕಾಡೆಮಿಗಳಿಗೆ ಲೆಕ್ಕವಿಲ್ಲ. ವಯಸ್ಸಿನ ಗುಂಪು ಜನವರಿಯಿಂದ ಎಣಿಸೋ ಕಡೆ ಜನವರಿ, ಫೆಬ್ರವರಿ, ಮಾರ್ಚ್‌ನಲ್ಲಿ ಹುಟ್ಟಿದವರೇ ಅಕಾಡೆಮಿಗಳಲ್ಲಿ ಹೆಚ್ಚು ಸಿಗ್ತಾರೆ ಅನ್ನೋದು ಬಹಳ ದೇಶಗಳಲ್ಲಿ ಕಂಡುಬಂದಿರೋ ವಿಷಯ. ಡಿಸೆಂಬರ್‌ನಲ್ಲಿ ಹುಟ್ಟಿದವನು ಅದೇ ಗುಂಪಲ್ಲಿ ಸುಮಾರು ಒಂದು ವರ್ಷ ಚಿಕ್ಕವನು, ಅದಕ್ಕೇ ಹಿಂದೆ ಬೀಳ್ತಾನೆ. ಇದನ್ನ ಸರಿ ಮಾಡೋಕೆ ಇಂಗ್ಲೆಂಡ್‌ನ ಅಕಾಡೆಮಿಗಳು ಕೆಲವು ಪಂದ್ಯಗಳಲ್ಲಿ ವಯಸ್ಸಿನ ಬದಲು ದೇಹದ ಬೆಳವಣಿಗೆ ನೋಡಿ ಗುಂಪು ಮಾಡ್ತಾರೆ. ಗ್ರೀಜ್‌ಮನ್‌ನನ್ನ ಫ್ರಾನ್ಸ್‌ನ ಕ್ಲಬ್‌ಗಳು ಒಂದರ ಹಿಂದೊಂದು ಗಿಡ್ಡ ಅಂತ ವಾಪಸ್ ಕಳಿಸಿದ್ವು. ರಿಯಲ್ ಸೊಸಿಯೆದಾದ್ ಇಟ್ಟುಕೊಂಡಿತು. 2018ರಲ್ಲಿ ಫ್ರಾನ್ಸ್‌ಗೇ ವಿಶ್ವಕಪ್ ಫೈನಲ್‌ನಲ್ಲಿ ಗೋಲು ಹೊಡೆದುಕೊಟ್ಟ.

ಯಮಾಲ್ ಅಪರೂಪದವನು, ಒಪ್ತೀನಿ. ಅವನ ಬಗ್ಗೆ ನನಗೆ ಖುಷಿ ಎಷ್ಟಿದೆಯೋ ಭಯವೂ ಅಷ್ಟೇ ಇದೆ.

ಡ್ರಿಬಲ್‌ಪ್ರಿಯ:

ಫಾತಿಯ ವಿಷಯ ಓದಿ ಮನಸ್ಸಿಗೆ ಕಷ್ಟ ಆಯ್ತು. ಆ 10ನೇ ನಂಬರ್ ಕೊಟ್ಟ ದಿನ ನಾವೆಲ್ಲ ಚಪ್ಪಾಳೆ ತಟ್ಟಿದ್ವಿ.

ಒಂದನೇನಂಬರ್:

ನಾನು ಹದಿನೇಳರ ಒಳಗಿನ ಹುಡುಗರಿಗೆ ತರಬೇತಿ ಕೊಡ್ತೀನಿ, ಅದರಲ್ಲೂ ಗೋಲ್‌ಕೀಪರ್, ಡಿಫೆಂಡರ್‌ಗಳಿಗೆ. ಇಲ್ಲಿ ಎಲ್ಲರೂ ವಿಂಗರ್, ಸ್ಟ್ರೈಕರ್ ಬಗ್ಗೆಯೇ ಮಾತಾಡ್ತಿದ್ದೀರಿ. ಸ್ಟ್ರೈಕರ್ ಐದು ಚಾನ್ಸ್ ಹಾಳು ಮಾಡಿ ಆರನೇದನ್ನ ಒಳಗೆ ಹಾಕಿದ್ರೆ ಹೀರೊ. ಸೆಂಟರ್ ಬ್ಯಾಕ್ ಎಂಬತ್ತೊಂಬತ್ತು ನಿಮಿಷ ಸರಿಯಾಗಿ ಆಡಿ ಒಂದ್ಸಲ ಜಾರಿದ್ರೆ ಮುಗೀತು. ತಾಳ್ಮೆ ಬೇಕಾಗೋದು ಇಲ್ಲೇ ಜಾಸ್ತಿ, ಸಿಗೋದು ಇಲ್ಲೇ ಕಮ್ಮಿ.

ಒಬ್ಬ ಹುಡುಗ ತಪ್ಪು ಮಾಡಿದ ಮೇಲಿನ ಇಪ್ಪತ್ತು ನಿಮಿಷ ನೀವು ಚೆಂಡನ್ನ ಬಿಟ್ಟು ಅವನನ್ನ ಮಾತ್ರ ನೋಡಿ. ತಪ್ಪಿಗೆ ಮುಂಚೆ ಅವನು ಚೆಂಡು ಬರೋ ಮೊದಲು ಎರಡೂ ಭುಜದ ಮೇಲಿಂದ ಹಿಂದೆ ನೋಡ್ತಿರ್ತಾನೆ, ಮೈ ಅರ್ಧ ತಿರುಗಿಸಿ ನಿಂತಿರ್ತಾನೆ, ಹಾಗಾಗಿ ಚೆಂಡು ಬಂದ ಕೂಡಲೇ ಮುಂದಕ್ಕೆ ಪಾಸ್ ಮಾಡ್ತಾನೆ. ತಪ್ಪಾದ ಮೇಲೆ ಕಣ್ಣು ಚೆಂಡಿಗೇ ಅಂಟಿಕೊಳ್ಳುತ್ತೆ. ಮೈ ಪೂರ್ತಿ ಪಾಸ್ ಕೊಡೋನ ಕಡೆಗೇ ಇರುತ್ತೆ. ಬಂದ ಚೆಂಡನ್ನ ಬಂದ ದಾರಿಯಲ್ಲೇ ಕೀಪರ್‌ಗೆ ವಾಪಸ್ ಕೊಡ್ತಾನೆ. ಜೊತೆಗೆ, ತನಗೇ ಗೊತ್ತಿಲ್ಲದ ಹಾಗೆ ಎರಡು ಹೆಜ್ಜೆ ಹಿಂದೆ ನಿಲ್ಲೋಕೆ ಶುರು ಮಾಡ್ತಾನೆ. ಅವನು ಹಿಂದೆ ಸರಿದ್ರೆ ಇಡೀ ಬ್ಯಾಕ್‌ಲೈನ್ ಹಿಂದೆ ಸರಿಯುತ್ತೆ, ಮಿಡ್‌ಫೀಲ್ಡ್ ಜೊತೆ ನಡುವೆ ಜಾಗ ತೆರೆಯುತ್ತೆ, ಎರಡನೇ ಗೋಲು ಆ ಜಾಗದಿಂದಲೇ ಬರುತ್ತೆ. ಸ್ಟ್ಯಾಂಡ್‌ನಲ್ಲಿ ಕೂತವರಿಗೆ ಮೊದಲ ತಪ್ಪಷ್ಟೇ ಕಾಣುತ್ತೆ. ಆ ಎರಡು ಹೆಜ್ಜೆಯನ್ನ ಯಾರೂ ನೋಡಲ್ಲ.

ಅದಕ್ಕೆ ಔಷಧ ಒಂದೇ, ಪಕ್ಕದ ಅನುಭವಿ. "ಮೇಲೆ ಬಾ, ಲೈನ್‌ಗೆ ಬಾ" ಅಂತ ಕೂಗ್ತಾನೆ, ಮುಂದಿನ ಚೆಂಡನ್ನ ಬೇಕಂತಲೇ ಆ ಹುಡುಗನಿಗೇ ಕೊಡ್ತಾನೆ.

ಕೀಪರ್ ವಿಷಯಕ್ಕೆ ಬಂದ್ರೆ ಡೆ ಹೆಯಾ. 2011ರಲ್ಲಿ ಯುನೈಟೆಡ್‌ಗೆ ಬಂದಾಗ 20, ಕಡ್ಡಿ ಹಾಗಿದ್ದ. ಕಾರ್ನರ್ ಬಂದ್ರೆ ಎದುರಾಳಿಗಳು ಅವನ ಮೇಲೇ ಬಿದ್ದು ನಿಲ್ತಿದ್ರು. ಮೊದಲ ಸೀಸನ್ ಮಧ್ಯೆ ಕೆಲವು ಪಂದ್ಯ ಇನ್ನೊಬ್ಬ ಕೀಪರ್ ಲಿಂಡೆಗಾರ್ಡ್‌ಗೆ ಜಾಗ ಬಿಟ್ಟುಕೊಟ್ಟ. ಕ್ಲಬ್ ಅವನನ್ನ ಜಿಮ್‌ನಲ್ಲಿ ಬೆಳೆಸಿತು, ಕ್ರಾಸ್ ಹಿಡಿಯೋದನ್ನ ದಿನಾ ಅಭ್ಯಾಸ ಮಾಡಿಸಿತು, ವಾಪಸ್ ನಿಲ್ಲಿಸಿತು. ಮುಂದೆ ನಾಲ್ಕು ಸಲ ಕ್ಲಬ್‌ನ ವರ್ಷದ ಆಟಗಾರ ಆದ. ಕೂರಿಸಿದ್ದು ಅಲ್ಲಿ ಶಿಕ್ಷೆ ಆಗಿರಲಿಲ್ಲ, ಕೆಲಸದ ಒಂದು ಭಾಗ ಆಗಿತ್ತು.

ಆಫ್‌ಸೈಡ್‌ಟ್ರ್ಯಾಪ್:

ಮತ್ತೆ ಯುನೈಟೆಡ್, ಮತ್ತೆ ಮ್ಯಾಡ್ರಿಡ್. ದುಡ್ಡಿಲ್ಲದ ಕ್ಲಬ್‌ನ ಒಂದು ಉದಾಹರಣೆ ಕೊಡಿ ಅಂತ ಕೇಳ್ತಿದ್ದೀನಿ.

ಎಡಗಾಲು:

ಅಥ್ಲೆಟಿಕ್ ಬಿಲ್ಬಾವೊ. ತೀರಾ ಬಡ ಕ್ಲಬ್ ಅಲ್ಲ, ಆದ್ರೆ ಮಾರುಕಟ್ಟೆಗೆ ಹೋಗಿ ಬೇಕಾದವರನ್ನ ಕೊಳ್ಳೋ ದಾರಿಯನ್ನ ತಾವೇ ಮುಚ್ಚಿಕೊಂಡವರು. ಬಾಸ್ಕ್ ಪ್ರದೇಶದಲ್ಲಿ ಹುಟ್ಟಿದವರು ಅಥವಾ ಅಲ್ಲೇ ಆಟ ಕಲಿತವರು, ಅಷ್ಟೇ. ಒಬ್ಬ ಹುಡುಗನ ಮೇಲೆ ನಂಬಿಕೆ ಕಳ್ಕೊಂಡ್ರೆ ಅವರಿಗೆ ಬೇರೆ ಎಲ್ಲಿಂದಲೋ ಇನ್ನೊಬ್ಬ ಸಿಗಲ್ಲ, ಹಾಗಾಗಿ ಇರೋರನ್ನ ಕಾಪಾಡಿಕೊಳ್ಳಲೇಬೇಕು. ಸ್ಪೇನ್‌ನ ಟಾಪ್ ಡಿವಿಷನ್‌ನಿಂದ ಒಮ್ಮೆಯೂ ಕೆಳಗೆ ಜಾರದ ಮೂರು ಕ್ಲಬ್‌ಗಳಲ್ಲಿ ಅವರೂ ಒಬ್ಬರು, ಮಿಕ್ಕ ಇಬ್ಬರು ಮ್ಯಾಡ್ರಿಡ್, ಬಾರ್ಸಿಲೋನಾ. 2024ರಲ್ಲಿ ಸ್ಪೇನ್‌ನ ಕಪ್ ಟೂರ್ನಿ ಕೋಪಾ ಡೆಲ್ ರೇ ಗೆದ್ದರು, 1984ರ ನಂತರ ಮೊದಲ ಸಲ. ಆ ನಲವತ್ತು ವರ್ಷ ಕಾದ ಜನ ತಮ್ಮ ನಿಯಮ ಬಿಡಲಿಲ್ಲ. ನನ್ನ ಮಟ್ಟಿಗೆ ಫುಟ್‌ಬಾಲ್‌ನಲ್ಲಿ ಇದಕ್ಕಿಂತ ದೊಡ್ಡ ಸಂಗತಿ ಕಮ್ಮಿ.

ಲೋನ್‌ಲೆಕ್ಕ:

ತಡವಾಗಿ ಬಂದೆ. ಲೋನ್ ಬಗ್ಗೆ ಯಾರೂ ಸರಿಯಾಗಿ ಮಾತಾಡಿಲ್ಲ.

ಹ್ಯಾರಿ ಕೇನ್ ನಾಲ್ಕು ಕಡೆ ಲೋನ್ ಹೋದ. ಲೇಟನ್ ಓರಿಯಂಟ್, ಮಿಲ್‌ವಾಲ್, ನಾರ್ವಿಚ್, ಲೆಸ್ಟರ್. ಕೆಲವು ಕಡೆ ಚೆನ್ನಾಯ್ತು, ಕೆಲವು ಕಡೆ ಬೆಂಚ್. ಟೊಟ್ಟೆನ್‌ಹ್ಯಾಮ್ ಆದ್ರೂ ಬಿಡಲಿಲ್ಲ, 2014-15ರಲ್ಲಿ ಲೀಗ್‌ನಲ್ಲೇ 21 ಗೋಲು ಹೊಡೆದ. ಇನ್ನೊಂದು ಕಡೆ ಚೆಲ್ಸಿ. ಡಿ ಬ್ರುಯ್ನೆ 2012-13ರಲ್ಲಿ ಬ್ರೆಮೆನ್‌ಗೆ ಲೋನ್ ಹೋಗಿ ಅಮೋಘವಾಗಿ ಆಡಿ ಬಂದ. ವಾಪಸ್ ಬಂದವನಿಗೆ ಅವಕಾಶ ಸಿಗದೆ 2014ರ ಜನವರಿಯಲ್ಲಿ ವೋಲ್ಫ್ಸ್‌ಬರ್ಗ್‌ಗೆ ಹೋದ. ಅದೇ ತಿಂಗಳು ಚೆಲ್ಸಿಗೆ ಬಂದ ಸಲಾಹ್‌ಗೂ ಅಷ್ಟೇ, ಫಿಯೊರೆಂಟಿನಾ, ರೋಮಾ ಸುತ್ತಿ 2017ರಲ್ಲಿ ಲಿವರ್‌ಪೂಲ್ ಸೇರಿ ಮೊದಲ ಸೀಸನ್‌ನಲ್ಲೇ ಲೀಗ್‌ನಲ್ಲಿ 32 ಗೋಲು. ಲೋನ್‌ನಲ್ಲಿ ಹುಡುಗ ಕಲಿತು ಬಂದ್ರೂ ವಾಪಸ್ ಬಂದಾಗ ಅವನಿಗೆ ಜಾಗ ಇಟ್ಟಿರದಿದ್ರೆ ಬೇರೆಯವರಿಗಾಗಿ ಬೆಳೆಸಿಕೊಟ್ಟ ಹಾಗೆ.

ಕಳಿಸೋ ಮೊದಲು ಆ ಕ್ಲಬ್ ಅವನನ್ನ ಯಾವ ಜಾಗದಲ್ಲಿ ಆಡಿಸುತ್ತೆ ಅಂತ ಕೇಳಬೇಕು. ಸೆಂಟ್ರಲ್ ಮಿಡ್‌ಫೀಲ್ಡರ್‌ನನ್ನ ಕಳಿಸಿ ಅವನು ಆರು ತಿಂಗಳು ರೈಟ್ ಬ್ಯಾಕ್ ಆಡಿ ಬಂದ್ರೆ ಏನು ಪ್ರಯೋಜನ? ಹಿಂದೆ ಕೆಲವು ಕ್ಲಬ್‌ಗಳು ಮೂವತ್ತಕ್ಕೂ ಹೆಚ್ಚು ಆಟಗಾರರನ್ನ ಹೊರಗೆ ಬಿಟ್ಟು ಸುಮ್ಮನಿರುತ್ತಿದ್ವು. ಫಿಫಾ 2022ರಿಂದ ಅಂತರರಾಷ್ಟ್ರೀಯ ಲೋನ್‌ಗಳಿಗೆ ಮಿತಿ ತಂದಿದೆ, 2024ರಿಂದ ಅದು ಆರು. 21ರ ಒಳಗಿನವರು, ಕ್ಲಬ್‌ನಲ್ಲೇ ಬೆಳೆದವರು ಆ ಲೆಕ್ಕಕ್ಕೆ ಬರಲ್ಲ, ಹಾಗಾಗಿ ಸಮಸ್ಯೆ ಪೂರ್ತಿ ತೀರಿಲ್ಲ.

ದುಡ್ಡಿನ ಇನ್ನೊಂದು ಮುಖವೂ ಇದೆ. ಕೊಂಡು ತಂದ ಆಟಗಾರನ ಬೆಲೆಯನ್ನ ಕ್ಲಬ್‌ಗಳು ಒಪ್ಪಂದದ ವರ್ಷಗಳ ಮೇಲೆ ಹಂಚಿ ಲೆಕ್ಕ ಬರೀತಾರೆ. ಅಕಾಡೆಮಿ ಹುಡುಗನಿಗೆ ಪುಸ್ತಕದಲ್ಲಿ ಬೆಲೆಯೇ ಇರಲ್ಲ, ಮಾರಿದ್ರೆ ಬಂದಿದ್ದೆಲ್ಲ ಲಾಭ. ನಷ್ಟಕ್ಕೆ ಮಿತಿ ಹಾಕೋ ನಿಯಮಗಳಿಂದ ತಪ್ಪಿಸಿಕೊಳ್ಳೋಕೆ ತಾವೇ ಬೆಳೆಸಿದವರನ್ನ ಮಾರೋದು ಸುಲಭದ ದಾರಿ ಆಗಿದೆ. ಚೆಲ್ಸಿ 2023ರಲ್ಲಿ ಮೌಂಟ್‌ನನ್ನ, 2024ರಲ್ಲಿ ಗ್ಯಾಲಗರ್‌ನನ್ನ ಮಾರಿದ್ದು ನೆನಪಿರಬಹುದು. ಚಿಕ್ಕಂದಿನಿಂದ ಆ ಜೆರ್ಸಿ ಹಾಕಿಕೊಂಡ ಹುಡುಗರು. ಅಭಿಮಾನಿಗೆ ಅದು ಹೊಟ್ಟೆ ಉರಿಸೋ ವಿಷಯವೇ.

ಕಾರ್ನರ್‌ಫ್ಲ್ಯಾಗ್:

ಅಭಿಮಾನಿಗಳ ಮಾತು ಬಂತಲ್ಲ, ಅದನ್ನೂ ಹೇಳಿಬಿಡೋಣ. ಗ್ಯಾರೆತ್ ಬೇಲ್ 2007ರಲ್ಲಿ 17ಕ್ಕೆ ಟೊಟ್ಟೆನ್‌ಹ್ಯಾಮ್‌ಗೆ ಬಂದ. ಅವನು ಆಡಿದ ಮೊದಲ 24 ಲೀಗ್ ಪಂದ್ಯಗಳಲ್ಲಿ ತಂಡ ಒಂದನ್ನೂ ಗೆಲ್ಲಲಿಲ್ಲ! ಅಪಶಕುನದವನು ಅಂತ ಹೆಸರು ಕಟ್ಟಿದ್ರು. 2009ರ ಸೆಪ್ಟೆಂಬರ್‌ನಲ್ಲಿ ಬರ್ನ್‌ಲಿ ವಿರುದ್ಧ, ಪಂದ್ಯ ಆಗಲೇ ಕೈಗೆ ಬಂದಿದ್ದಾಗ, ಕೊನೇ ನಿಮಿಷಗಳಲ್ಲಿ ಮ್ಯಾನೇಜರ್ ರೆಡ್‌ನ್ಯಾಪ್ ಅವನನ್ನ ಇಳಿಸಿದ್ರು. ಆ ಹೆಸರು ಅಳಿಸಲಿ ಅಂತಲೇ. 2010ರ ಅಕ್ಟೋಬರ್‌ನಲ್ಲಿ ಸಾನ್ ಸಿರೊದಲ್ಲಿ ಇಂಟರ್ ವಿರುದ್ಧ ಹ್ಯಾಟ್ರಿಕ್ ಹೊಡೆದ.

ಗೆಲ್ಲದ 24 ಪಂದ್ಯಕ್ಕೆ ಒಬ್ಬ ಲೆಫ್ಟ್ ಬ್ಯಾಕ್ ಹೇಗೆ ಕಾರಣ ಆಗ್ತಾನೆ? ಆದ್ರೂ ಬೈದಿದ್ದು ಅವನನ್ನೇ. ಈಗಂತೂ ಆಟ ಮುಗಿಯೋ ಮೊದಲೇ ಫೋನ್‌ಗೆ ಬೈಗುಳ ಬಂದು ಬಿದ್ದಿರುತ್ತೆ, ಅವನ ಅಮ್ಮ ತಂಗಿಯೂ ಓದ್ತಾರೆ. ಆಟವನ್ನ ಟೀಕೆ ಮಾಡಿ, ಮಾಡಲೇಬೇಕು. ಹುಡುಗನ ಹೆಸರು ಟ್ಯಾಗ್ ಮಾಡಿ ಬೈಬೇಡಿ, ಕೈಮುಗಿದು ಕೇಳ್ಕೊಳ್ತೀನಿ.

ಮಂಡಿನೋವು:

+1. ಸ್ಟೇಡಿಯಂನಲ್ಲೂ ಅಷ್ಟೇ, ತಪ್ಪು ಪಾಸ್ ಆದ ಮೇಲಿನ ಆ "ಛೇ" ಎಲ್ಲರಿಗಿಂತ ಮೊದಲು ಕೇಳೋದು ಅವನಿಗೇ.

ಆಫ್‌ಸೈಡ್‌ಟ್ರ್ಯಾಪ್:

ಇದೆಲ್ಲ ಸರಿ. ಆದ್ರೆ ಯಾರೂ ಮುಟ್ಟದ ಪ್ರಶ್ನೆ ಒಂದಿದೆ. ಎಲ್ಲರೂ ವಿನೀಷಿಯಸ್ ಆಗಲ್ಲ. ಅಕಾಡೆಮಿಗೆ ಸೇರಿದವರಲ್ಲಿ ಬಹುಪಾಲು ಹುಡುಗರು ಮೊದಲ ತಂಡದ ಹತ್ತಿರಕ್ಕೂ ಬರಲ್ಲ. ಫ್ರೆಡ್ಡಿ ಅಡು 14ಕ್ಕೆ ಪ್ರೊಫೆಷನಲ್ ಆಗಿ ಮುಂದಿನ ಪೆಲೆ ಅನ್ನಿಸಿಕೊಂಡ, ಆಮೇಲೆ ದೇಶದಿಂದ ದೇಶಕ್ಕೆ ಅಲೆದು ಮರೆಯಾದ. ಇವನು ಆಗಲ್ಲ ಅಂತ ಯಾವಾಗ ಹೇಳಬೇಕು? ತಾಳ್ಮೆಯ ಹೆಸರಲ್ಲಿ 23 ಆಗೋವರೆಗೂ ಸುಳ್ಳು ಆಸೆ ತೋರಿಸೋದು ಕ್ರೂರ ಅಲ್ವಾ?

ಒಂದನೇನಂಬರ್:

ಇದು ನಿಜವಾಗಲೂ ಕಷ್ಟದ ಪ್ರಶ್ನೆ, ನಾನು ಪ್ರತಿ ಸೀಸನ್ ಕೊನೆಗೆ ಎದುರಿಸೋದು.

ನಾನು ನೋಡೋದು ಹುಡುಗ ತಪ್ಪು ಮಾಡ್ತಾನಾ ಅಂತಲ್ಲ, ಅದೇ ತಪ್ಪು ಮಾಡ್ತಾನಾ ಅಂತ. ಕಳೆದ ವರ್ಷ ಲಾಂಗ್ ಬಾಲ್ ಕೆಳಗೆ ನಿಂತು ಹೆಡರ್ ತಪ್ಪುತ್ತಿದ್ದವನು ಈ ವರ್ಷ ಜಾಗ ಸರಿಯಾಗಿ ಹಿಡಿದು ಎತ್ತರದಲ್ಲಿ ಸೋಲ್ತಿದ್ರೆ ನಾನು ಕಾಯ್ತೀನಿ. ಎರಡು ವರ್ಷ ಹೇಳಿಕೊಟ್ಟ ಮೇಲೂ ಭುಜದ ಮೇಲಿಂದ ನೋಡೋ ಅಭ್ಯಾಸ ಬರಲಿಲ್ಲ ಅಂದ್ರೆ, ಕೂತು ಮಾತಾಡ್ತೀನಿ. ಅವನ ತಂದೆ ತಾಯಿ ಜೊತೆಗೂ. ಆಗಲ್ಲ ಅಂತ ಹೇಳೋದು ಕ್ರೂರ ಅಲ್ಲ. ಜೂನ್‌ವರೆಗೂ ಏನೂ ಹೇಳದೆ, ಒಂದು ಪತ್ರ ಕಳಿಸಿ ಮುಗಿಸೋದು ಕ್ರೂರ. ಎಂಟು ವರ್ಷದಿಂದ ಫುಟ್‌ಬಾಲ್ ಬಿಟ್ಟು ಬೇರೇನೂ ಮಾಡದ ಹುಡುಗನಿಗೆ ಆ ಪತ್ರ ಬಂದಾಗ ತಾನು ಯಾರು ಅನ್ನೋದೇ ಗೊತ್ತಾಗಲ್ಲ.

ಕ್ರಿಸ್ಟಲ್ ಪ್ಯಾಲೆಸ್ 2021ರಲ್ಲಿ ಒಂದು ಒಳ್ಳೇ ಕೆಲಸ ಶುರು ಮಾಡಿತು. ಅಕಾಡೆಮಿಯಿಂದ ಬಿಡುಗಡೆ ಆದ ಹುಡುಗರ ಜೊತೆ ಮೂರು ವರ್ಷ ಸಂಪರ್ಕದಲ್ಲಿದ್ದು ಓದು, ಕೆಲಸ, ಮನಸ್ಸಿನ ಆರೋಗ್ಯಕ್ಕೆ ಸಹಾಯ ಮಾಡೋದು. ಆಡಿಸೋ ತಾಳ್ಮೆ ಮುಗಿದ ಮೇಲೂ ಕ್ಲಬ್‌ನ ಜವಾಬ್ದಾರಿ ಮುಗಿಯಲ್ಲ ಅಂತ ಒಪ್ಪಿಕೊಂಡ ಹಾಗೆ ಅದು.

ಆಫ್‌ಸೈಡ್‌ಟ್ರ್ಯಾಪ್:

ಇದನ್ನ ಒಪ್ತೀನಿ. ಕೊನೇದಾಗಿ ಒಂದು. 70ನೇ ನಿಮಿಷ, 2-1 ಮುಂದಿದ್ದೀರಿ, ಸೀಸನ್‌ನಲ್ಲಿ ಉಳಿದಿರೋದು ಆರೇ ಪಂದ್ಯ, ಕೆಳಗಿನ ಮೂರು ಸ್ಥಾನಕ್ಕಿಂತ ಎರಡೇ ಪಾಯಿಂಟ್ ಮೇಲಿದ್ದೀರಿ. ಸ್ಟಾಪರ್‌ಗೆ (ಸೆಂಟರ್ ಬ್ಯಾಕ್‌ಗೆ) ಗಾಯ. ಬೆಂಚ್‌ನಲ್ಲಿ 18ರ ಹುಡುಗ, ಇನ್ನೊಬ್ಬ 33ರವನು. ಯಾರನ್ನ ಇಳಿಸ್ತೀರಿ?

ಹಳೇಸ್ಟಾಪರ್:

ಆ ಪಂದ್ಯದಲ್ಲಿ 33ರವನನ್ನೇ. ಆದ್ರೆ ನನ್ನ ಪ್ರಶ್ನೆ ಅದಕ್ಕೂ ಹಿಂದಿನದು. ಆಗಸ್ಟ್‌ನಿಂದ ಮಾರ್ಚ್‌ವರೆಗೆ 3-0 ಮುಂದಿದ್ದ ಪಂದ್ಯಗಳು ಬಂದಿರುತ್ತವೆ, ಕಪ್ ಪಂದ್ಯಗಳ ಮೊದಲ ಸುತ್ತು ಬಂದಿರುತ್ತೆ. ಈಗ ಐದು ಸಬ್‌ಸ್ಟಿಟ್ಯೂಟ್ ಇಳಿಸಬಹುದು. ಅಲ್ಲಿ ಆ ಹುಡುಗನಿಗೆ ಹದಿನೈದು, ಇಪ್ಪತ್ತು ನಿಮಿಷ ಕೊಟ್ಟಿದ್ದರೆ ಏಪ್ರಿಲ್‌ನಲ್ಲಿ ನೀವು ಈ ಪ್ರಶ್ನೆ ಕೇಳೋ ಹೊತ್ತಿಗೆ ಅವನ ಹಿಂದೆ ಹತ್ತಾರು ಪಂದ್ಯ ಇರ್ತಿತ್ತು. ಆಗ ನಾನು ಅವನನ್ನೂ ಇಳಿಸಬಹುದಿತ್ತು, ಪಕ್ಕದಲ್ಲಿ ಮಾತಾಡೋ ಡಿಫೆಂಡರ್ ಒಬ್ಬ ಇದ್ದಿದ್ದರೆ. ಕೊಟ್ಟಿಲ್ಲ ಅಂದ್ರೆ ಆ ದಿನ ಅವನನ್ನ ಇಳಿಸೋದು ಅನ್ಯಾಯ, ಅವನಿಗೂ ತಂಡಕ್ಕೂ.